ಹೆಬ್ಬೆಟ್ಟಿನ ಲೆಕ್ಕ: ತೋಟದ ಪುಸ್ತಕದಿಂದ ಆಧಾರ್ ಮೆಷಿನ್‌ವರೆಗೆ

"ನಮ್ಮ ಹತ್ರ ಮುಚ್ಚಿಡೋಕೆ ಏನಿದೆ ಅಣ್ಣ? ಇರೋದು ಒಂದು ಹೆಬ್ಬೆಟ್ಟು. ಕೇಳಿದೋರಿಗೆಲ್ಲ ಕೊಡ್ತೀವಿ."

ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ ಕಡೆಯ ಲೈನ್ ಮನೆಗಳಲ್ಲಿ ಆಧಾರ್, ಇ-ಕೆವೈಸಿ, ಮೊಬೈಲ್ ಹಾಜರಿ ಅಂತ ಮಾತು ತೆಗೆದಾಗೆಲ್ಲ ನನಗೆ ಸಿಗೋ ಉತ್ತರ ಇದು. ಇನ್ನೊಂದು ಕಡೆ, ನಮ್ಮದೇ ಚಳವಳಿಯ ಗೆಳೆಯರು ಹೇಳ್ತಾರೆ: "ಖಾಸಗಿತನ, ಡಿಜಿಟಲ್ ಹಕ್ಕು ಇವೆಲ್ಲ ಹೊಟ್ಟೆ ತುಂಬಿದವರ ವಿಷಯ ಕಣ್ರೀ. ನಮಗೆ ಮೊದಲು ಭೂಮಿ, ಮನೆ, ಕೂಲಿ." ಮೂರನೆಯವರು ಇನ್ನೂ ಉತ್ಸಾಹದಲ್ಲಿ ಹೇಳ್ತಾರೆ: "ಮೆಷಿನ್‌ಗೆ ಜಾತಿ ಇಲ್ಲ. ಮನುಷ್ಯರಿಗಿಂತ ಮೆಷಿನ್ನೇ ವಾಸಿ."

ಮೂರು ಮಾತಲ್ಲೂ ನಮ್ಮ ಜನರ ಅನುಭವ ಇದೆ. ಯಾವುದನ್ನೂ ನಾನು ತಳ್ಳಿಹಾಕಲ್ಲ. ಆದರೆ ಹೆಬ್ಬೆಟ್ಟಿಗೊಂದು ಚರಿತ್ರೆ ಇದೆ. ಅದನ್ನು ಓದಿದರೆ ಇದು ಹೊಟ್ಟೆ ತುಂಬಿದವರ ವಿಷಯ ಅಲ್ಲ, ಮೊದಲಿನಿಂದಲೂ ಕೂಲಿಯವರದ್ದೇ ವಿಷಯ ಅಂತ ಗೊತ್ತಾಗುತ್ತೆ. ಆ ಚರಿತ್ರೆಯಲ್ಲಿ ಕೊಡಗೂ ಇದೆ, ಕೋಲಾರವೂ ಇದೆ. ಪೋಸ್ಟ್ ಉದ್ದ ಆಗುತ್ತೆ. ಸಮಯ ಮಾಡ್ಕೊಂಡು ಓದಿ.

ಮೊದಲು ಬಂಗಾಳಕ್ಕೆ ಹೋಗಿಬರೋಣ. 1858ರಲ್ಲಿ ಅಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಸ್ತೆ ಕೆಲಸಕ್ಕೆ ಸಾಮಗ್ರಿ ಒದಗಿಸುವ ಒಂದು ಒಪ್ಪಂದ ಮಾಡ್ಕೊಂಡ. ಎದುರು ಇದ್ದವರು ರಾಜ್ಯಧರ್ ಕೋನಾಯಿ ಎಂಬ ಗುತ್ತಿಗೆದಾರ. ಹರ್ಷೆಲ್ ಅವರ ಅಂಗೈಗೆ ಮಸಿ ಹಚ್ಚಿ ಒಪ್ಪಂದದ ಮೇಲೆ ಒತ್ತಿಸಿಕೊಂಡ. ಯಾಕೆ? ಬೆರಳ ಗೆರೆ ಬದಲಾಗಲ್ಲ ಅನ್ನೋ ವಿಜ್ಞಾನ ಆಗಿನ್ನೂ ಹುಟ್ಟಿರಲಿಲ್ಲ. ಅವನಿಗೆ ಬೇಕಾಗಿದ್ದು ಭಯ: ನಾಳೆ ಈ ಮನುಷ್ಯ "ಇದು ನಂದಲ್ಲ" ಅನ್ನಬಾರದು. ಇದನ್ನು ಅವನೇ ಮುಂದೆ ಬರೆದುಕೊಂಡಿದ್ದಾನೆ. ವಿಜ್ಞಾನ ಆಮೇಲೆ ಬಂತು. ಗಾಲ್ಟನ್ 1892ರಲ್ಲಿ ಬೆರಳಚ್ಚಿನ ಮೇಲೆ ಪುಸ್ತಕ ಬರೆದ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯ್ತು. ಅದರ ವರ್ಗೀಕರಣದ ಕಷ್ಟದ ಲೆಕ್ಕ ಮಾಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಜಗತ್ತು ನೆನಪಿಟ್ಟುಕೊಂಡಿದ್ದು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯ ಹೆಸರು. ಅಷ್ಟು ಹೊತ್ತಿಗಾಗಲೇ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿತ್ತು. ಆ ಪಟ್ಟಿಗೆ ಬೆರಳಚ್ಚು ಸೇರಿಕೊಳ್ತು.

ಒಂದು ವಿಷಯ ಗಮನಿಸಿ. ಬೆರಳಚ್ಚಿನ ಪ್ರಯೋಗ ಮೊದಲು ನಡೆದದ್ದು ಲಂಡನ್ನಿನ ಸಾಹುಕಾರರ ಮೇಲಲ್ಲ. ಗುತ್ತಿಗೆದಾರ, ಕೈದಿ, ಪಿಂಚಣಿದಾರ, ಅಲೆಮಾರಿ, ಇವರ ಮೇಲೆ. "ನಿನ್ನ ಮಾತನ್ನು ನಂಬಲ್ಲ, ನಿನ್ನ ಮೈಯನ್ನು ನಂಬ್ತೀನಿ" ಅಂತ ಆಳುವವನು ಆಳಿಸಿಕೊಳ್ಳೋವನಿಗೆ ಹೇಳೋ ಪದ್ಧತಿ ಇದು.

ಈಗ ಕೊಡಗಿಗೆ ಬರೋಣ.

ಕೊಡಗಿನ ಹೊಲೆಯರು, ಎರವರು ಕೂಲಿಗಳಾಗೋ ಮೊದಲು ಏನಾಗಿದ್ದರು? ಈ ಪ್ರಶ್ನೆಯನ್ನು ಪ್ರವಾಸೋದ್ಯಮದ ಬ್ರೋಷರ್‌ಗಳು ಕೇಳಲ್ಲ. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳಲ್ಲಿ ಉತ್ತರ ಇದೆ. ಎರಡು ಬಗೆಯ ಆಳುಗಳನ್ನು ಅವು ದಾಖಲಿಸಿವೆ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವರು ಭೂಮಿಗೆ ಅಂಟಿದವರು, ಭೂಮಿ ಕೈ ಬದಲಾದರೆ ಅವರೂ ಕೈ ಬದಲಾಗ್ತಿದ್ದರು. ಎರಡನೆಯವರು ಮನೆತನದ ಸೊತ್ತು, ಮಾರಬಹುದು, ಅಡ ಇಡಬಹುದು. ಜಮ್ಮಾ ಅನ್ನೋ ಪದ ಕೇಳಿದರೆ ಇವತ್ತು ಬಹಳ ಜನಕ್ಕೆ ಕೋವಿ ಹಕ್ಕು, ಬಾಣೆ ಜಮೀನು ನೆನಪಾಗುತ್ತೆ. ನಮಗೆ ನೆನಪಾಗಬೇಕಾದ್ದು, ಅದೇ ಪದದ ಜೊತೆ ಮನುಷ್ಯರೂ ಆಸ್ತಿಯಾಗಿ ಬರೀತಾ ಇದ್ದರು ಅನ್ನೋದು.

1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಳ್ತು. 1843ರ 5ನೇ ಕಾಯ್ದೆ ಬಂತು: ಗುಲಾಮನ ಮೇಲೆ ಒಡೆಯನಿಗೆ ಹಕ್ಕಿದೆ ಅಂತ ಯಾವ ಕೋರ್ಟೂ ಒಪ್ಪಬಾರದು. ಒಳ್ಳೇ ಕಾನೂನೇ. ಆದರೆ ಗುಲಾಮನಿಗೆ ಬಿಡುಗಡೆಯ ಜೊತೆ ಭೂಮಿ ಕೊಡಲಿಲ್ಲ, ಮನೆ ಕೊಡಲಿಲ್ಲ, ಕೂಲಿಯ ದರ ಕೊಡಲಿಲ್ಲ. ಬಿಡುಗಡೆ ಆದವನು ಸಾಯಂಕಾಲ ಅದೇ ಗದ್ದೆಗೆ ವಾಪಸು ಹೋಗಬೇಕಾಗಿತ್ತು.

ಹತ್ತೇ ವರ್ಷ ಕಳೆದ ಮೇಲೆ ಕಾಫಿ ಬಂತು. 1854ರಲ್ಲಿ ಫೌಲರ್ ಅನ್ನೋ ಬಿಳಿಯ ಮಡಿಕೇರಿ ಬಳಿ ಎಸ್ಟೇಟ್ ತೆರೆದ. ಆಮೇಲೆ ಕಾಡು ಕಡಿದು ತೋಟ ಮಾಡೋ ಓಟವೇ ಶುರುವಾಯ್ತು. ಕೈಗಳು ಬೇಕಾದವು. ಸ್ಥಳೀಯ ಎರವರು, ಹೊಲೆಯರು ಸಾಲದೆ ಮೈಸೂರು ಸೀಮೆಯಿಂದ, ತುಳುನಾಡಿನಿಂದ, ಮಲಬಾರಿನಿಂದ, ತಮಿಳು ಕಡೆಯಿಂದ ಜನ ಬಂದರು. ಕರಕೊಂಡು ಬಂದವನು ಮೇಸ್ತ್ರಿ. ಕರಕೊಂಡು ಬಂದದ್ದು ಮುಂಗಡ ಕೊಟ್ಟು.

ಆ ಮುಂಗಡದ ಹಿಂದೆ ಕಾನೂನು ನಿಂತಿತ್ತು. ಅದರ ಹೆಸರು 1859ರ 13ನೇ ಕಾಯ್ದೆ, ಕೆಲಸಗಾರರ ಒಪ್ಪಂದ ಭಂಗ ಕಾಯ್ದೆ. ಕಲ್ಕತ್ತಾದ ಬಿಳಿ ವ್ಯಾಪಾರಿಗಳ ಒತ್ತಾಯದ ಮೇಲೆ ಬಂದ ಈ ಕಾಯ್ದೆ ಆಮೇಲೆ ತೋಟಗಾರರ ಕೈಯಲ್ಲಿ ದೊಣ್ಣೆಯಾಯ್ತು. ಅದು ಹೇಳೋದು ಸರಳ: ಮುಂಗಡ ತಗೊಂಡ ಕೆಲಸಗಾರ ಕೆಲಸ ಬಿಟ್ಟರೆ ಧಣಿ ಮ್ಯಾಜಿಸ್ಟ್ರೇಟ್ ಹತ್ರ ದೂರು ಕೊಡಬಹುದು. ಮ್ಯಾಜಿಸ್ಟ್ರೇಟ್ ಹಣ ವಾಪಸು ಕೊಡು ಇಲ್ಲವೇ ಕೆಲಸ ಮಾಡು ಅಂತ ಆದೇಶ ಮಾಡಬಹುದು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಧಣಿ ಒಪ್ಪಂದ ಮುರಿದರೆ? ಅವನಿಗೆ ಆ ಕಾಯ್ದೆಯಲ್ಲಿ ಜೈಲಿಲ್ಲ. ಸಾಲ ತೀರಿಸದ ವ್ಯಾಪಾರಿ ಸಿವಿಲ್ ಕೋರ್ಟಿಗೆ ಹೋಗ್ತಿದ್ದ, ಸಾಲ ತೀರಿಸದ ಕೂಲಿ ಜೈಲಿಗೆ ಹೋಗ್ತಿದ್ದ.

ಇಡೀ ದೇಶದಲ್ಲಿ ಈ ಕಾಯ್ದೆ ರದ್ದಾಗಿ, 1926ರ ಏಪ್ರಿಲ್‌ನಿಂದ ಅದರ ಬಲ ಹೋಯ್ತು. ಆದರೆ ಕೊಡಗಿನ ತೋಟಗಾರರಿಗೆ ನಿದ್ದೆ ಬರಲಿಲ್ಲ. ಅದೇ ವರ್ಷ ಕೊಡಗಿಗೆ ಅಂತಲೇ ಪ್ರತ್ಯೇಕವಾಗಿ ಕೂರ್ಗ್ ಲೇಬರ್ ಆಕ್ಟ್ ಬಂತು. ಮುಂಗಡ ತಗೊಂಡು ಕೆಲಸ ಬಿಟ್ಟ ಕೂಲಿಗೆ ಶಿಕ್ಷೆ ಕೊಡೋ ವ್ಯವಸ್ಥೆ ದೇಶದಲ್ಲಿ ಹೋದರೂ ನಮ್ಮಲ್ಲಿ ಇನ್ನೂ ಕೆಲವು ವರ್ಷ ಉಳೀತು. ಇದನ್ನು ಕೊಡಗಿನ ಪ್ರತಿ ಶಾಲೆಯಲ್ಲೂ ಹೇಳಿಕೊಡಬೇಕು ಅಂತ ನನ್ನಾಸೆ.

ಈ ಕಾಯ್ದೆಗಳ ಹೊಟ್ಟೆಯೊಳಗೆ ಏನಿದೆ ನೋಡಿ. ಒಂದು ಪುಸ್ತಕ ಇದೆ. ಪುಸ್ತಕದಲ್ಲಿ ಒಂದು ಅಂಕಿ ಇದೆ. ಅಂಕಿಯ ಪಕ್ಕ ಒಂದು ಹೆಬ್ಬೆಟ್ಟಿದೆ. ಬರೆದವನು ರೈಟರ್, ಹಿಡಿದವನು ಮೇಸ್ತ್ರಿ, ಇಟ್ಟುಕೊಂಡವನು ಧಣಿ. ಒತ್ತಿದವನಿಗೆ ಮಾತ್ರ ಅಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲ. ನನ್ನಜ್ಜಿ ತೋಟದ ಕೆಲಸಕ್ಕೆ ಸೇರಿದ್ದು ಇವೆಲ್ಲ ಮುಗಿದ ಬಹಳ ವರ್ಷದ ಮೇಲೆ, ಸ್ವಾತಂತ್ರ್ಯ ಬಂದ ನಂತರ. ಆದರೂ ಅವರು ಹೇಳ್ತಿದ್ದ ಒಂದು ಮಾತು ನನಗೆ ಮರೆಯಲ್ಲ: ಮದುವೆಗೆ ತಂದ ಸಾಲ ಮಗು ಹುಟ್ಟಿದ ಮೇಲೂ ಬೆಳೀತಾನೇ ಇತ್ತು, ಮಗುಗಿಂತ ಬೇಗ ಬೆಳೀತು. ಎಷ್ಟು ತಂದೆ ಅಂತ ಅವರಿಗೆ ನೆನಪಿತ್ತು. ಆದರೆ ಅವರ ನೆನಪು ಸಾಕ್ಷಿ ಅಲ್ಲ, ಪುಸ್ತಕ ಸಾಕ್ಷಿ. "ಹೆಬ್ಬೆಟ್ಟು" ಅನ್ನೋದು ಕನ್ನಡದಲ್ಲಿ ಬೈಗುಳ ಆದದ್ದು ಸುಮ್ಮನೆ ಅಲ್ಲ. ಓದು ಬಾರದವನು ಅಂತ ಮಾತ್ರ ಅಲ್ಲ, ತನ್ನ ಲೆಕ್ಕ ತಾನು ಕೇಳಲಾರದವನು ಅಂತ ಅದರ ಅರ್ಥ.

ಹಾಗಾದರೆ ನಮ್ಮವರು ಸುಮ್ಮನೆ ಒತ್ತುತ್ತಾ ಇದ್ದರಾ? ಯಾರೂ ಪ್ರಶ್ನೆ ಮಾಡಲಿಲ್ವಾ? ಮಾಡಿದರು. ಅದನ್ನು ನೋಡೋಕೆ ಕೊಡಗಿನ ತೋಟದಿಂದ ಕೋಲಾರದ ಗಣಿಗೆ ಹೋಗಬೇಕು. ಕಾಲ ಅದೇ, ಕೂರ್ಗ್ ಲೇಬರ್ ಆಕ್ಟ್ ಇದ್ದ ಕಾಲ. ಜನರೂ ನಮ್ಮವರೇ.

ಕೆಜಿಎಫ್‌ನ ಗಣಿಯೊಳಗೆ ಇಳೀತಿದ್ದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು. ತಂತ್ರಜ್ಞಾನದ ವಿಷಯದಲ್ಲಿ ಕೆಜಿಎಫ್ ಆಗಿನ ಕಾಲಕ್ಕೆ ಬಹಳ ಮುಂದಿತ್ತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಚಿನ್ನ ಎತ್ತೋಕೆ ಕರೆಂಟ್ ಬೇಗ ಬಂತು, ಚಿನ್ನ ಅಗೆದವನ ಕೂಲಿ ಲೈನಿಗೆ ಬಂದದ್ದು ಹಿತ್ತಾಳೆ ಬಿಲ್ಲೆ ಮತ್ತು ಕಾವಲು. ತಂತ್ರಜ್ಞಾನ ತಾನಾಗೇ ಎಲ್ಲರಿಗೂ ಸಮಾನವಾಗಿ ಹರಿಯಲ್ಲ, ಇಳಿಜಾರು ನೋಡಿಕೊಂಡು ಹರಿಯುತ್ತೆ.

1930ರ ಏಪ್ರಿಲ್‌ನಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಅನ್ನೋ ನಿಯಮ ಬಂತು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸುಮಾರು ಮೂರು ವಾರ ಮುಷ್ಕರ. ಮಾನ್ಯತೆ ಪಡೆದ ಯೂನಿಯನ್ ಇರಲಿಲ್ಲ, ದೊಡ್ಡ ನಾಯಕ ಇರಲಿಲ್ಲ. ಓದು ಬಾರದ ಗಣಿ ಕಾರ್ಮಿಕರು "ಬೆರಳು ಕೊಡಲ್ಲ" ಅಂದರು. ಬೆರಳಚ್ಚು ಅಂದರೆ ಪೊಲೀಸ್ ಠಾಣೆ, ಕಳ್ಳರ ಪಟ್ಟಿ ಅಂತ ಅವರಿಗೆ ಗೊತ್ತಿತ್ತು. ಒಂದು ಸಲ ಬೆರಳು ರಿಜಿಸ್ಟರಿಗೆ ಬಿದ್ದರೆ, ಒಂದು ಗಣಿಯಲ್ಲಿ ಬಾಯಿ ಮಾಡಿದವನಿಗೆ ಇನ್ನೊಂದು ಗಣಿಯಲ್ಲಿ ಕೆಲಸ ಸಿಗಲ್ಲ ಅನ್ನೋದನ್ನು ಯಾರೂ ಅವರಿಗೆ ಸೆಮಿನಾರ್ ಮಾಡಿ ಹೇಳಬೇಕಾಗಿರಲಿಲ್ಲ.

ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರ ಬೆರಳಚ್ಚು ನೋಂದಣಿ ವಿರುದ್ಧ ಗಾಂಧಿ ಹೋರಾಟ ಮಾಡಿದ್ದನ್ನು ಪಠ್ಯಪುಸ್ತಕಗಳು ಹೇಳಿಕೊಡ್ತವೆ. ನಮ್ಮ ರಾಜ್ಯದ ನೆಲದಲ್ಲೇ ದಲಿತ ಕಾರ್ಮಿಕರು ಅದೇ ಪ್ರಶ್ನೆ ಎತ್ತಿ ಮೂರು ವಾರ ಒಲೆ ಆರಿಸಿಕೊಂಡು ಕೂತದ್ದನ್ನು ಹೇಳಿಕೊಡಲ್ಲ. "ಡಿಜಿಟಲ್ ಹಕ್ಕು ಹೊಟ್ಟೆ ತುಂಬಿದವರ ವಿಷಯ" ಅನ್ನೋ ಗೆಳೆಯರಿಗೆ ನನ್ನ ಉತ್ತರ ಇಷ್ಟೇ: 1930ರ ಏಪ್ರಿಲ್ ನೋಡಿ.

ಇಲ್ಲಿವರೆಗಿನ ಕಾನೂನುಗಳಲ್ಲಿ ಒಂದು ಸಾಮಾನ್ಯ ಎಳೆ ಇದೆ. ಪುರಾವೆ ಕೊಡೋ ಹೊಣೆ ಯಾವಾಗಲೂ ಕೂಲಿಯ ತಲೆ ಮೇಲೆ. ನಾನು ಸಾಲಗಾರ ಅಲ್ಲ ಅಂತ ನಾನೇ ತೋರಿಸಬೇಕು, ನಾನು ಕಳ್ಳ ಅಲ್ಲ ಅಂತ ನಾನೇ ತೋರಿಸಬೇಕು.

ಸಂವಿಧಾನ ಬಂದ ಮೇಲೆ ಈ ತಕ್ಕಡಿ ನಿಧಾನವಾಗಿ ತಿರುಗ್ತು. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಸಮಿತಿ ಬರೆದ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸ್ತು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ 15ನೇ ಸೆಕ್ಷನ್ ತೆಗೆದು ಓದಿ. ಒಬ್ಬ ಜೀತಗಾರ "ಇದು ಜೀತದ ಸಾಲ" ಅಂದರೆ, ಅಲ್ಲ ಅಂತ ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು. ಪುಸ್ತಕ ಇಟ್ಟುಕೊಂಡವನೇ ಉತ್ತರ ಕೊಡಬೇಕು. ನೂರು ವರ್ಷ ನಮ್ಮ ಹೆಬ್ಬೆಟ್ಟನ್ನು ನಮ್ಮ ವಿರುದ್ಧವೇ ಸಾಕ್ಷಿ ಮಾಡಿದ ವ್ಯವಸ್ಥೆಯನ್ನು ಒಂದೇ ವಾಕ್ಯದಲ್ಲಿ ತಿರುಗಿಸಿ ಹಾಕಿದ ಸೆಕ್ಷನ್ ಅದು.

2006ರ ಅರಣ್ಯ ಹಕ್ಕು ಕಾಯ್ದೆಯೂ ಅದೇ ದಾರಿಯಲ್ಲಿ ಒಂದು ಹೆಜ್ಜೆ. ಅದರ ನಿಯಮಗಳ ಪ್ರಕಾರ ಊರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಪುರಾವೆ. ಅಜ್ಜಿಯ ನೆನಪೂ ಸಾಕ್ಷಿ ಅಂತ ಈ ದೇಶದ ಕಾನೂನು ಕೊನೆಗೂ ಒಪ್ಪಿಕೊಳ್ತು. ಆದರೆ ಅದೇ ಕಾಯ್ದೆ ಅದೇ ಕಾಡಂಚಿನ ದಲಿತನಿಗೆ ಬೇರೆ ಅಳತೆಗೋಲು ಇಟ್ಟಿದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದೆವು ಅಂತ ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. ಮುತ್ತಾತನ ಕಾಲದಲ್ಲಿ ನಮ್ಮ ಹೆಸರು ಯಾವ ಕಾಗದದಲ್ಲಿತ್ತು? ಇದ್ದರೆ ಧಣಿಯ ಸಾಲದ ಪುಸ್ತಕದಲ್ಲಿ ಇರಬಹುದು ಅಷ್ಟೇ.

ಇನ್ನು ಕಂಪ್ಯೂಟರ್ ಕಾಲಕ್ಕೆ ಬರ್ತೀನಿ.

ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಹೋದವು. ದೇಶವೇ ಹೊಗಳಿತು. ಗ್ರಾಮಲೆಕ್ಕಿಗರ ಕಾಲು ಹಿಡಿಯೋದು ಕಡಿಮೆ ಆಯ್ತು ಅನ್ನೋದು ನಿಜ, ಅದನ್ನು ಒಪ್ತೀನಿ. ಆದರೆ ಕಂಪ್ಯೂಟರ್ ಕೇಳಿದ್ದು "ಹಳೇ ಪುಸ್ತಕದಲ್ಲಿ ಯಾರ ಹೆಸರಿದೆ" ಅಂತ, "ಭೂಮಿ ಮೇಲೆ ಯಾರು ದುಡೀತಿದ್ದಾರೆ" ಅಂತಲ್ಲ. ಉಳುವವನೇ ಹೊಲದೊಡೆಯ ಅಂದ ಕಾಲದಲ್ಲೂ ಭೂಸುಧಾರಣಾ ಕಾಯ್ದೆಯ 104ನೇ ಸೆಕ್ಷನ್ ಪ್ಲಾಂಟೇಶನ್‌ಗಳಿಗೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಕಾಫಿ ತೋಟದಲ್ಲಿ ಮೂರು ತಲೆಮಾರು ದುಡಿದವನ ಹೆಸರು ಹಳೇ ಪುಸ್ತಕದಲ್ಲಿ ಇರಲಿಲ್ಲ, ಹೊಸ ಸ್ಕ್ರೀನಿನಲ್ಲೂ ಬರಲಿಲ್ಲ. ಮೆಷಿನ್‌ಗೆ ಜಾತಿ ಇಲ್ಲ ಅನ್ನೋ ಗೆಳೆಯರೇ, ಮೆಷಿನ್‌ಗೆ ಇಲ್ಲದೇ ಇರಬಹುದು, ಅದಕ್ಕೆ ತಿನ್ನಿಸಿದ ಪುಸ್ತಕಕ್ಕೆ ಇತ್ತು.

ಆಮೇಲೆ ಆಧಾರ್. 2009ರಲ್ಲಿ ಪ್ರಾಧಿಕಾರ ಶುರು, ನೇತೃತ್ವ ಬೆಂಗಳೂರಿನ ನಂದನ್ ನಿಲೇಕಣಿ ಅವರದು. 2010ರ ಸೆಪ್ಟೆಂಬರ್ 29ರಂದು ಮೊದಲ ಸಂಖ್ಯೆ ಕೊಟ್ಟದ್ದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭಲಿ ಅನ್ನೋ ಹಳ್ಳಿಯ ಬಡ ಮಹಿಳೆಗೆ. ದಾಖಲೆ ಇಲ್ಲದವರಿಗೆ ಗುರುತು ಕೊಡ್ತೀವಿ ಅಂದರು. ಅದು ನಮಗೆ ಬೇಕಾಗಿದ್ದೇ. ಲೈನ್ ಮನೆಯಲ್ಲಿ ಹುಟ್ಟಿದ ಮಗುಗೆ ಜನನ ಪತ್ರ ಇಲ್ಲ, ವಿಳಾಸ ಅಂದರೆ ಧಣಿಯ ತೋಟದ ಹೆಸರು. ಕೆಲಸ ಬಿಟ್ಟರೆ ಮನೆ ಹೋಯ್ತು, ಮನೆ ಹೋದರೆ ವಿಳಾಸ ಹೋಯ್ತು, ವಿಳಾಸ ಹೋದರೆ ರೇಷನ್ ಹೋಯ್ತು. ಇಂಥವರಿಗೆ "ನಿನ್ನ ಗುರುತು ನಿನ್ನ ಮೈಯಲ್ಲೇ ಇದೆ, ಧಣಿ ಕೈಯಲ್ಲಿಲ್ಲ" ಅಂತ ಹೇಳಿದರೆ ಯಾರಿಗೆ ಸಂತೋಷ ಆಗಲ್ಲ? ನನಗೂ ಆಗಿತ್ತು.

ಆದರೆ ಗುರುತು ಕೊಟ್ಟು ಸುಮ್ಮನಾಗಲಿಲ್ಲ. ಪ್ರತಿ ತಿಂಗಳೂ "ನೀನು ನೀನೇನಾ" ಅಂತ ಕೇಳೋಕೆ ಶುರು ಮಾಡಿದರು. ಕಾಫಿ ಕೊಯ್ದು, ಮೆಣಸು ಬಿಡಿಸಿ, ಕಳೆ ಕಿತ್ತು, ಸುಣ್ಣ ಗೊಬ್ಬರ ಎರಚಿ ಸವೆದ ಬೆರಳಿಗೆ ಗೆರೆ ಎಲ್ಲಿಂದ ಬರಬೇಕು? ಯಾವ ದುಡಿಮೆಯಿಂದ ಈ ತೋಟಗಳು ಬೆಳೆದವೋ ಅದೇ ದುಡಿಮೆ ಬೆರಳನ್ನು ಅಳಿಸಿದೆ. ಈಗ ಆ ಬೆರಳನ್ನು ಮೆಷಿನ್ ಗುರುತು ಹಿಡಿಯಲ್ಲ. 2018ರಲ್ಲಿ ಆಧಾರ್ ಪ್ರಾಧಿಕಾರವೇ ಸುಪ್ರೀಂ ಕೋರ್ಟಿಗೆ ಹೇಳಿದ ಲೆಕ್ಕ: ಸರ್ಕಾರಿ ಸೇವೆಗಳಲ್ಲಿ ದೃಢೀಕರಣದ ಯಶಸ್ಸು ಶೇ. 88. ಉಳಿದ ಶೇ. 12 ಅಂದರೆ ಎಂಜಿನಿಯರಿಗೆ ಸಣ್ಣ ದೋಷ. ರೇಷನ್ ಅಂಗಡಿ ಮುಂದೆ ನಿಂತವರಿಗೆ ಅದು ಅರ್ಧ ದಿನದ ಕೂಲಿ ಬಿಟ್ಟು ಮತ್ತೆ ಬರಬೇಕಾದ ದಾರಿ.

ಕೆಲವು ಕಡೆ ಅದಕ್ಕಿಂತ ದೊಡ್ಡದು. 2017ರ ಜುಲೈನಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಆಧಾರ್ ಜೋಡಣೆ ಆಗಿಲ್ಲ ಅಂತ ಆ ಮನೆಗೆ ರೇಷನ್ ನಿಂತಿತ್ತು, ಇವು ಹಸಿವಿನ ಸಾವುಗಳು ಅಂತ ಪಿಯುಸಿಎಲ್ ಸತ್ಯಶೋಧನಾ ವರದಿ ಹೇಳಿತು. ಆಡಳಿತ ಒಪ್ಪಲಿಲ್ಲ, ಕುಡಿತದಿಂದ ಸತ್ತರು ಅಂತ ಹೇಳಿತು. ಸತ್ತವರು ಕುಡುಕರಲ್ಲ ಅಂತ ಸಾಬೀತು ಮಾಡೋ ಹೊಣೆಯೂ ಬದುಕಿರೋ ಬಡವರ ಮೇಲೇ ಬಿತ್ತು. 1859ರ ತಕ್ಕಡಿ ವಾಪಸು ಬಂದಿದೆ ಅಂತ ನನಗೆ ಅನಿಸಿದ್ದು ಆಗ.

ಈ ತಕ್ಕಡಿಯನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಿದವರಲ್ಲಿ ನಮ್ಮ ಕರ್ನಾಟಕದವರು ಬಹಳ ಜನ. 2012ರಲ್ಲಿ ಮೊದಲ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರ ಜೊತೆ ಸೇರಿ ಆಧಾರ್ ಕಾಯ್ದೆ ಪ್ರಶ್ನಿಸಿದ ಇನ್ನೊಬ್ಬರು ಯಾರು ಗೊತ್ತಾ? ಬೆಜವಾಡ ವಿಲ್ಸನ್. ಮಲ ಹೊರುವ ಪದ್ಧತಿ ವಿರುದ್ಧ ಹೋರಾಡಿದ, ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ವಿಲ್ಸನ್. 1930ರಲ್ಲಿ ಯಾವ ಊರು "ಬೆರಳು ಕೊಡಲ್ಲ" ಅಂತೋ ಅದೇ ಊರಿನ ದಲಿತ ಮಗ ಎಂಬತ್ತು ಚಿಲ್ಲರೆ ವರ್ಷದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಬೆರಳಿನ ಪ್ರಶ್ನೆ ಎತ್ತಿದರು. ಇದನ್ನು ಯಾರೂ ಸಾಲು ಜೋಡಿಸಿ ಹೇಳಲ್ಲ. ನಾವೇ ಹೇಳ್ಬೇಕು.

2018ರ ಸೆಪ್ಟೆಂಬರ್ 26ರ ತೀರ್ಪು ಅರ್ಧ ಗೆಲುವು. ಖಾಸಗಿ ಕಂಪನಿಗಳು ಆಧಾರ್ ಕೇಳೋಕೆ ದಾರಿ ಮಾಡಿದ್ದ 57ನೇ ಸೆಕ್ಷನ್ನಿನ ಆ ಭಾಗ ಬಿತ್ತು. ಆದರೆ ಸಬ್ಸಿಡಿ, ರೇಷನ್, ಪಿಂಚಣಿಗೆ ಆಧಾರ್ ಬೇಕು ಅನ್ನೋ 7ನೇ ಸೆಕ್ಷನ್ ನಾಲ್ಕು ಜನರ ಬಹುಮತದಲ್ಲಿ ಉಳೀತು. ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರು ಇಡೀ ಕಾಯ್ದೆಯೇ ಅಸಾಂವಿಧಾನಿಕ ಅಂದರು. ಸರಳವಾಗಿ ಹೇಳಿದರೆ: ಮೊಬೈಲ್ ಸಿಮ್ ತಗೊಳ್ಳೋ ಮಧ್ಯಮ ವರ್ಗಕ್ಕೆ ಖಾಸಗಿತನ ಸಿಕ್ತು, ಅಕ್ಕಿ ತಗೊಳ್ಳೋ ಎರವ ಮಹಿಳೆಗೆ ಸಿಗಲಿಲ್ಲ.

ಈಗ ಮತ್ತೆ ನಮ್ಮ ಜಿಲ್ಲೆ. 2016ರ ಡಿಸೆಂಬರ್ 7ರಂದು ದಿಡ್ಡಳ್ಳಿಯಲ್ಲಿ 577 ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರು ಯಾರು? ತಲೆಮಾರುಗಳಿಂದ ಲೈನ್ ಮನೆಗಳಲ್ಲಿ ದುಡಿದು, ಜೀತದಂಥ ಬದುಕು ಸಾಕು ಅಂತ ಹೊರಬಂದ ಜೇನುಕುರುಬರು, ಬೆಟ್ಟಕುರುಬರು, ಎರವರು. ಅಧಿಕಾರಿಗಳು ಕೇಳಿದ ಮೊದಲ ಪ್ರಶ್ನೆ: ದಾಖಲೆ ಎಲ್ಲಿ? ಇಲ್ಲಿದ್ದೀರಿ ಅನ್ನೋಕೆ ಏನು ಪುರಾವೆ? ನೆಲ ಅಗೆದು ಗುಡಿಸಲು ಹಾಕಿ ಕಣ್ಣೆದುರು ನಿಂತಿರೋ ಮನುಷ್ಯ ಪುರಾವೆ ಅಲ್ಲ. ಮುಂದೆ ತಿಂಗಳುಗಟ್ಟಲೆ ಹೋರಾಟ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿತು. ಅದು ದಾಖಲೆಯಿಂದ ಸಿಕ್ಕಿದ್ದಲ್ಲ, ಹೋರಾಟದಿಂದ ಸಿಕ್ಕಿದ್ದು.

2020ರ ಜನವರಿಯಲ್ಲಿ ಇನ್ನೊಂದು ನಡೀತು. ತೋಟಗಳಲ್ಲಿ ದುಡೀತಿದ್ದ ಅಸ್ಸಾಂ, ಬಂಗಾಳ ಮುಂತಾದ ಕಡೆಯ ಸಾವಿರಾರು ಕಾರ್ಮಿಕರನ್ನು ಕೊಡಗು ಪೊಲೀಸರು ಕರೆಸಿ ದಾಖಲೆ ತಪಾಸಣೆ ಮಾಡಿದರು. ತೋಟದಿಂದ ಗಾಡಿಗಳಲ್ಲಿ ಬಂದು, ಆಧಾರ್ ಕೈಯಲ್ಲಿ ಹಿಡ್ಕೊಂಡು ಸಾಲಾಗಿ ನಿಂತರು. ಅವರು ನಮ್ಮ ಭಾಷೆಯವರಲ್ಲ. ಆದರೆ ಆ ಸಾಲು ನಮ್ಮದೇ. 1860ರ ದಶಕದಲ್ಲಿ ಮುಂಗಡ ತಗೊಂಡು ಘಟ್ಟ ಹತ್ತಿದ ನಮ್ಮ ಮುತ್ತಾತಂದಿರು ನಿಂತ ಸಾಲು ಅದು. ಆ ಸಾಲಿನಲ್ಲಿ ಧಣಿಗಳನ್ನು ನಿಲ್ಲಿಸಿ "ಕನಿಷ್ಠ ಕೂಲಿಯ ಪುಸ್ತಕ ತೋರಿಸಿ" ಅಂತ ಒಂದು ಬೆಳಿಗ್ಗೆ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಉದ್ಯೋಗ ಖಾತ್ರಿಯಲ್ಲೂ ಇದೇ ಕಥೆ. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಮೊಬೈಲಲ್ಲಿ ಫೋಟೋ ಹಾಜರಿ ಕಡ್ಡಾಯ ಮಾಡಿದರು. ಮಳೆಗಾಲದ ಕೊಡಗಿನಲ್ಲಿ ಕರೆಂಟೇ ನಿಲ್ಲಲ್ಲ, ನೆಟ್‌ವರ್ಕ್ ಎಲ್ಲಿ? ಮಣ್ಣು ಹೊತ್ತದ್ದು ನಿಜ, ಗುಂಡಿ ತೋಡಿದ್ದು ನಿಜ, ಫೋಟೋ ಹತ್ತಲಿಲ್ಲ ಅಂದರೆ ಕೂಲಿ ಸುಳ್ಳು.

"ಹಾಗಾದರೆ ನೀವು ತಂತ್ರಜ್ಞಾನದ ವಿರೋಧಿಗಳಾ?" ಅಂತ ಕಾಮೆಂಟಲ್ಲಿ ಕೇಳ್ತೀರಿ ಅಂತ ಗೊತ್ತು. ಅಲ್ಲ. ಯಂತ್ರ ಬಿಟ್ಟು ಹಳ್ಳಿಗೆ ಹೋಗಿ ಅನ್ನೋ ಮಾತಿಗೆ ಉತ್ತರ ಕೊಟ್ಟವರೇ ಬಾಬಾಸಾಹೇಬರು. ಯಂತ್ರ ಮನುಷ್ಯನಿಗೆ ಬಿಡುವು ಕೊಡುತ್ತೆ, ಬಿಡುವು ಇಲ್ಲದೆ ಸಂಸ್ಕೃತಿ ಇಲ್ಲ, ದೋಷ ಯಂತ್ರದ್ದಲ್ಲ, ಅದರ ಲಾಭ ಕೆಲವರೇ ಹಿಡಿದಿಟ್ಟುಕೊಳ್ಳೋ ಸಮಾಜ ವ್ಯವಸ್ಥೆಯದ್ದು ಅನ್ನೋದು ಅವರ ವಾದ. ನಾನೂ ಅಲ್ಲೇ ನಿಲ್ತೀನಿ. ಕೂಲಿ ನೇರ ಖಾತೆಗೆ ಬಂದರೆ ಮೇಸ್ತ್ರಿಯ ಕಡಿತ ತಪ್ಪುತ್ತೆ. ದೌರ್ಜನ್ಯ ಆದಾಗ ನಮ್ಮ ಹುಡುಗರು ತೆಗೆದ ವಿಡಿಯೋ ಎಷ್ಟೋ ಕೇಸು ಉಳಿಸಿದೆ. ನೀವು ಈ ಪೋಸ್ಟ್ ಓದ್ತಿರೋದೂ ಫೋನಲ್ಲೇ.

ನನ್ನ ಪ್ರಶ್ನೆ ಒಂದೇ. ಮೆಷಿನ್ ತಪ್ಪಿದಾಗ ಯಾರು ಉತ್ತರ ಕೊಡಬೇಕು?

ಇನ್ನೊಂದು ಎಚ್ಚರಿಕೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯ್ತು. ಹೆಸರು ಕೇಳಿದರೆ ನಮ್ಮ ರಕ್ಷಣೆಗೆ ಬಂದ ಹಾಗಿದೆ. ಅದರ 44(3)ನೇ ಸೆಕ್ಷನ್ ಓದಿ. ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಅಂದರೆ ಸಾಕು ಕೊಡಲ್ಲ ಅನ್ನೋ ದಾರಿ ತೆರೆದಿದೆ. ಮಾಹಿತಿ ಹಕ್ಕಿನ ಚಳವಳಿ ಹುಟ್ಟಿದ್ದೇ ರಾಜಸ್ಥಾನದ ಹಳ್ಳಿಗಳಲ್ಲಿ, ಮಸ್ಟರ್ ರೋಲ್ ಓದಿ ಹೇಳುವಾಗ. ಸತ್ತವರ ಹೆಸರಲ್ಲಿ, ಊರಲ್ಲಿಲ್ಲದವರ ಹೆಸರಲ್ಲಿ ಕೂಲಿ ಎತ್ತಿದ್ದು ಹೊರಬಂದದ್ದು ಹಾಗೆ. ನಾಳೆ ನಾವು ಮನೆ ಹಂಚಿಕೆ ಪಟ್ಟಿ, ಮಸ್ಟರ್ ರೋಲ್, ಗಂಗಾ ಕಲ್ಯಾಣದ ಫಲಾನುಭವಿ ಪಟ್ಟಿ ಕೇಳಿದರೆ "ಇದು ವೈಯಕ್ತಿಕ ಮಾಹಿತಿ" ಅಂತ ಹಿಂಬರಹ ಬರಬಹುದು. ನಮ್ಮ ಬೆರಳು ಅವರಿಗೆ ತೆರೆದ ಪುಸ್ತಕ, ಅವರ ಪುಸ್ತಕ ನಮಗೆ ಮುಚ್ಚಿದ ಬಾಗಿಲು. ಇದು ಹಳೇ ತೋಟದ ನಿಯಮವೇ ಅಲ್ವಾ?

"ನಮ್ಮ ಹತ್ರ ಮುಚ್ಚಿಡೋಕೆ ಏನಿದೆ" ಅನ್ನೋ ನನ್ನ ಅಕ್ಕಂದಿರಿಗೆ, ಅಣ್ಣಂದಿರಿಗೆ ಹೇಳೋದು ಇದೇ. ಮುಚ್ಚಿಡೋದಲ್ಲ ವಿಷಯ. ಕೇಳೋದು ವಿಷಯ.

ಅದಕ್ಕೇ ಮೂರು ಕೆಲಸ ಹೇಳ್ತೀನಿ. ಒಂದು: ಬೆರಳು ಬರಲಿಲ್ಲ ಅಂತ ರೇಷನ್ ನಿಲ್ಲಿಸೋ ಹಾಗಿಲ್ಲ. ಆಧಾರ್ ಇಲ್ಲ ಅಂತ, ದೃಢೀಕರಣ ಆಗಲಿಲ್ಲ ಅಂತ ಯಾರಿಗೂ ಆಹಾರ ನಿರಾಕರಿಸಬಾರದು ಅಂತ 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಬರೆದಿದೆ. ನಿರಾಕರಿಸಿದರೆ "ಅದನ್ನೇ ಬರೆದು ಕೊಡಿ" ಅಂತ ಕೇಳಿ. ಬರೆದು ಕೊಡಿ ಅನ್ನೋ ಎರಡು ಪದಕ್ಕೆ ಬಹಳ ಶಕ್ತಿ ಇದೆ. ಎರಡು: ಪ್ರತಿ ಹಾಡಿ, ಪ್ರತಿ ಲೈನ್‌ನಲ್ಲಿ ಒಂದು ನಮ್ಮದೇ ಪುಸ್ತಕ ಇಡೋಣ. ಯಾವ ದಿನ ಕೆಲಸ, ಎಷ್ಟು ಕೂಲಿ, ಯಾವ ತಿಂಗಳು ಬೆರಳು ಬರಲಿಲ್ಲ, ಎಷ್ಟು ಮುಂಗಡ. ಓದು ಬಂದ ಮಕ್ಕಳು ಬರೀಲಿ. ಅದರ ಫೋಟೋ ನಾಲ್ಕು ಜನರ ಫೋನಲ್ಲಿರಲಿ. ಮೂರು: ಗ್ರಾಮಸಭೆಯಲ್ಲಿ ಒಂದು ನಿರ್ಣಯಕ್ಕೆ ಒತ್ತಾಯ ಮಾಡೋಣ. ಮೆಷಿನ್ ಇಲ್ಲ ಅಂದರೆ, ಆ ಮನುಷ್ಯ ಅವನಲ್ಲ ಅಂತ ರುಜುವಾತು ಮಾಡೋ ಹೊಣೆ ಇಲಾಖೆಯದ್ದು. ಹೊಸ ಮಾತೇನಲ್ಲ, 1976ರ ಜೀತ ಕಾಯ್ದೆಯ 15ನೇ ಸೆಕ್ಷನ್ನಿನ ನ್ಯಾಯವನ್ನೇ ಮೆಷಿನ್‌ಗೂ ಹಾಕಿ ಅಂತ ಕೇಳ್ತಿದ್ದೀವಿ.

ಮುಂಗಡದ ಕಾನೂನು ಹೋಗೋಕೆ ಅರವತ್ತಾರು ವರ್ಷ ಬೇಕಾಯ್ತು, ಕೊಡಗಿನಲ್ಲಿ ಇನ್ನೂ ಜಾಸ್ತಿ. ಅದು ತಾನಾಗಿ ಹೋಗಲಿಲ್ಲ. ಗೆರೆ ಸವೆದ ಬೆರಳು ತಪ್ಪಲ್ಲ, ಅದನ್ನು ಓದೋಕೆ ಬರದ ಮೆಷಿನ್ ತಪ್ಪು. ಇದನ್ನು ನಮ್ಮ ಲೈನ್ ಮನೆಗಳಲ್ಲಿ ಜೋರಾಗಿ ಹೇಳಿ. ಈ ಚರಿತ್ರೆ ಗೊತ್ತಿಲ್ಲದವರಿಗೆ ಓದಿ ಹೇಳಿ, ಹಂಚಿ.

ಜೈ ಭೀಮ್.